ದಾಕ್ಷಾಯಣಿ ಎದ್ದು ಹೋದಳು

ನಮ್ಮ ಊರಿನಲ್ಲಿ ಫೋಟೋದೊಳಗೆ ಮನುಷ್ಯರು ಬಹಳ ದಿನ ಕೂರುವುದಿಲ್ಲ. ಎದ್ದು ಹೋಗುತ್ತಾರೆ. ಕೆಲವರು ವಾರಕ್ಕೆ, ನಿಧಾನದ ಸ್ವಭಾವದವರು ತಿಂಗಳಿಗೆ, ಅವಸರದವರು ಮರುದಿನವೇ. ಕುರ್ಚಿ ಉಳಿಯುತ್ತದೆ, ಹಿಂದಿನ ಪರದೆ ಉಳಿಯುತ್ತದೆ, ಮೇಜಿನ ಮೇಲಿನ ಹೂದಾನಿ ಉಳಿಯುತ್ತದೆ. ಎಮ್ಮೆಯ ಜೊತೆ ನಿಂತು ಫೋಟೋ ತೆಗೆಸಿಕೊಂಡವನು ಹೋಗುತ್ತಾನೆ, ಎಮ್ಮೆ ಮಾತ್ರ ಅಲ್ಲೇ ಮೆಲುಕು ಹಾಕುತ್ತ ನಿಂತಿರುತ್ತದೆ. ಹೀಗಾಗಿ ನಮ್ಮೂರಿನ ಗೋಡೆಗಳ ಮೇಲೆ ಎಮ್ಮೆಗಳದೇ ದರ್ಬಾರು. ಹೋದವರು ಎಲ್ಲಿಗೆ ಹೋದರು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಷ್ಟು ಹೊತ್ತು ಅಂತ ಕೂತಿರಬೇಕು ಪಾಪ, ಎನ್ನುತ್ತಾರೆ ಅಷ್ಟೇ.

ನಾನು ಶಶಿರೇಖಾ. ಇಂಥ ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವಳು. ಸ್ಟುಡಿಯೋ ಅಪ್ಪನಿಂದ ಬಂದದ್ದು. "ನಮ್ಮ ಮಾಲು ಕೊತ್ತಂಬರಿ ಸೊಪ್ಪು ಇದ್ದಂಗ ಶಶಿ, ಬಾಡೂದ್ರಾಗ ಗಿರಾಕಿ ಕೈಗೆ ಕೊಡಬೇಕು" ಎನ್ನುತ್ತಿದ್ದರು ಅಪ್ಪ. ಗಿರಾಕಿಗಳಿಗೇನೂ ಕೊರತೆ ಇರಲಿಲ್ಲ. ಎದ್ದು ಹೋದವರು ಮತ್ತೆ ಬಂದು ಕೂರಲೇಬೇಕಲ್ಲ! ಕಚೇರಿಗೆ ಕೊಡುವ ಫೋಟೋಕ್ಕೆ ಅಂದೇ ಸಿಕ್ಕೆ ಹೊಡೆಸಬೇಕು. ಹೆಣ್ಣಿನ ಫೋಟೋ ಕೈಗೆ ಬಂದ ಕೂಡಲೇ ಮಧ್ಯಸ್ಥರು ಓಡಿ ಬಸ್ಸು ಹತ್ತುತ್ತಿದ್ದರು. ಗಂಡಿನ ಮನೆ ಮುಟ್ಟುವುದರೊಳಗೆ ಹುಡುಗಿ ಎದ್ದು ಹೋಗಿದ್ದರೆ, "ಹುಡುಗಿ ಭಾಳ ಚುರುಕ ಅದಾಳ್ರಿ, ಒಂದು ಕಡೆ ಕುಂದ್ರೂ ಪೈಕಿ ಅಲ್ಲ" ಎಂದು ಖಾಲಿ ಕುರ್ಚಿಯನ್ನೇ ತೋರಿಸಿ ಸಂಬಂಧ ಕುದುರಿಸುತ್ತಿದ್ದರು. ತೀರಿಕೊಂಡವರ ನೆನಪಿಗೆ ಮನೆಗಳಲ್ಲಿ ಕುರ್ಚಿಯ ಫೋಟೋಕ್ಕೇ ಹಾರ. ಯಾರ ಕುರ್ಚಿ ಯಾವುದು ಎಂಬ ಗೊಂದಲ ಆಗಬಾರದೆಂದು ಅಪ್ಪ ಬೇರೆ ಬೇರೆ ನಮೂನೆಯ ಕುರ್ಚಿಗಳನ್ನು ತಂದು ಒಂದು ಕೋಣೆಯ ತುಂಬ ಇಟ್ಟಿದ್ದರು. ಬೆತ್ತದ್ದು, ಕೈ ಇರುವುದು, ಬೆನ್ನಿಗೆ ನವಿಲು ಕೆತ್ತಿದ್ದು. ಮಕ್ಕಳಿಗೆ ಗೊತ್ತಿರುತ್ತಿತ್ತು: ನವಿಲಿನ ಕುರ್ಚಿ ಅಂದರೆ ನಮ್ಮಜ್ಜ. ಹಬ್ಬದ ದಿನ ಅದಕ್ಕೇ ಕೈಮುಗಿದು ಹೋಳಿಗೆ ತಿನ್ನಲು ಕೂರುತ್ತಿದ್ದವು.

ಅಪ್ಪ ಹೋದ ಮೇಲೆ ಅವರ ಪೆಟ್ಟಿಗೆ ತೆಗೆದು ನೋಡಿದೆ. ಜೀವಮಾನವಿಡೀ ತೆಗೆದ ಫೋಟೋಗಳ ಒಂದೊಂದು ಪ್ರತಿ. ಎಲ್ಲ ಬರೀ ಕುರ್ಚಿಗಳು. ನಗುನಗುತ್ತಲೇ ಕೆಲಸ ಮಾಡುತ್ತಿದ್ದವಳಿಗೆ ಆ ಪೆಟ್ಟಿಗೆ ನೆನಪಾದಾಗಲೆಲ್ಲ ಒಳಗೊಂದು ಸಣ್ಣ ಮುಳ್ಳು ಆಡುತ್ತಿತ್ತು. ಒಬ್ಬ ಮನುಷ್ಯ ಇಷ್ಟೆಲ್ಲ ದುಡಿದು ಹೋದ, ಉಳಿದದ್ದು ಏನು?

ಮೌನೇಶ ನಮ್ಮೂರಿಗೆ ಬಂದದ್ದು ಆ ಹೊತ್ತಿನಲ್ಲೇ. ಹೊಳೆಯಾಚೆಯ ಊರಿನ ಶಿಲ್ಪಿ. ನಮ್ಮ ಗುಡ್ಡದ ಕಲ್ಲು ಮೆದು, ಉಳಿಗೆ ಹಟ ಮಾಡುವುದಿಲ್ಲ ಎಂದು ಕೇಳಿ ಬಂದಿದ್ದ. ನನ್ನ ಸ್ಟುಡಿಯೋದ ಹಿತ್ತಲಿಗೆ ಹತ್ತಿದ ಖಾಲಿ ಜಾಗವನ್ನು ಬಾಡಿಗೆಗೆ ಹಿಡಿದ. ಹೆಸರು ಮೌನೇಶ; ಆದರೆ ಆ ಮನುಷ್ಯ ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಬಾಯಿ ನಿಂತರೆ ಸುತ್ತಿಗೆ, ಸುತ್ತಿಗೆ ನಿಂತರೆ ಬಾಯಿ. ಬಹಳಷ್ಟು ಸಲ ಎರಡೂ ಕೂಡಿಯೇ ನಡೆಯುತ್ತಿದ್ದವು. ಅವನು ಕಲ್ಲಿಗೆ ಒಂದೊಂದು ಏಟು ಹಾಕಿದಾಗಲೂ ನನ್ನ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ನಡುಗುತ್ತಿತ್ತು. ಒಂದು ಇಡೀ ಮದುವೆ ದಿಬ್ಬಣದ ಫೋಟೋ ಕೆಟ್ಟ ದಿನ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಹೋದೆ.

"ಏನ್ರಿ ಅಣ್ಣಾರ, ನಿಮ್ಮ ಸುತ್ತಿಗಿ ನಿಲ್ಲಸ್ತೀರೋ ಇಲ್ಲೋ? ನೋಡ್ರಿಲ್ಲೆ, ಎಲ್ಲಾರಿಗೂ ಎರಡೆರಡು ಮುಖ ಬಂದಾವು."

ಅವನು ಫೋಟೋ ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದ. "ಎರಡು ಬಂದ್ರ ಛಲೋನ ಆತಲ್ಲ ತಂಗೆವ್ವ? ಒಂದು ಎದ್ದು ಹೋದ್ರ ಇನ್ನೊಂದಾರ ಉಳೀತೈತಿ."

ಸಿಟ್ಟಿನಿಂದ ಹೋದವಳು ನಕ್ಕುಬಿಟ್ಟೆ. ಜಗಳ ಅಲ್ಲಿಗೇ ಮುರಿದು, ಒಂದು ಒಪ್ಪಂದವಾಯಿತು. ನಾನು "ರೆಡಿ" ಎಂದು ಕೂಗಿದರೆ ಅವನು ಸುತ್ತಿಗೆ ಎತ್ತಿ ಹಿಡಿಯುವುದು, "ಆತು" ಎಂದರೆ ಇಳಿಸುವುದು. ಸ್ವಲ್ಪ ದಿನದಲ್ಲೇ ಅವನು ಆ ಸಮಯದಲ್ಲೂ ಸುಮ್ಮನಿರಲಾರದೆ ಗೋಡೆಯಾಚೆಯಿಂದ ಏನಾದರೊಂದು ಅನ್ನತೊಡಗಿದ. ಒಳಗೆ ಬಿಗಿದುಕೊಂಡು ಕೂತ ಗಿರಾಕಿ ಫಕ್ಕನೆ ನಗುತ್ತಿದ್ದ. ನಾನು ಆ ಕ್ಷಣಕ್ಕೆ ಗುಂಡಿ ಒತ್ತುತ್ತಿದ್ದೆ. ನನ್ನ ಫೋಟೋಗಳು ಹಿಂದೆಂದಿಗಿಂತ ಚೆನ್ನಾಗಿ ಬರತೊಡಗಿದವು. ಕೂತವರು ಎದ್ದು ಹೋಗುವಾಗಲೂ ನಗುತ್ತಲೇ ಹೋಗುತ್ತಿದ್ದರೇನೋ.

ಅವನು ಕೆತ್ತುತ್ತಿದ್ದದ್ದು ದೇವರನ್ನು ಮಾತ್ರ. ಬಸವಣ್ಣ, ಹನುಮಪ್ಪ, ನಾಗಪ್ಪ. ಮನುಷ್ಯರನ್ನು ಯಾಕೆ ಮಾಡುವುದಿಲ್ಲ ಎಂದು ಒಮ್ಮೆ ಚಹಾ ಕುಡಿಯುವಾಗ ಕೇಳಿದೆ.

"ದೇವರ ಮುಖ ಯಾರು ನೋಡ್ಯಾರ ತಂಗೆವ್ವ? ತಪ್ಪಿದ್ರೂ ಕೈ ಮುಗೀತಾರ. ಮನುಷ್ಯಾರ್ದು ಮಾಡಿದ್ರ ಮನೀ ಮಂದಿ ಬಂದು 'ಇದು ನಮ್ಮಪ್ಪನ ಮೂಗಲ್ಲ' ಅಂತ ಜಗಳಕ್ಕ ನಿಲ್ತಾರ. ಯಾರಿಗೆ ಬೇಕು ಆ ಉಸಾಬರಿ?" ಎಂದ. ಹಾಗೆ ಹೇಳುವಾಗ ಬಟ್ಟಲಿನೊಳಗೆ ನೋಡುತ್ತಿದ್ದ. ಅವನಿಗೂ ಒಳಗೆ ಒಂದು ಮುಳ್ಳು ಇದೆ ಎಂದು ನನಗೆ ಅನ್ನಿಸಿತು. ದೇವರನ್ನು ಮಾಡಿ ಮಾಡಿ ಅವನ ಕೈ ಒಂದೇ ಮುಖಕ್ಕೆ ಒಗ್ಗಿಹೋಗಿತ್ತು. ಅದು ಅವನಿಗೆ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಹಾನಂದಾ ಬಂದಳು. ಹಿಟ್ಟಿನ ಗಿರಣಿ ನಡೆಸುವ ಶಿವಪುತ್ರಪ್ಪನ ಒಬ್ಬಳೇ ಮಗಳು. ಮಾಘದಲ್ಲಿ ಮದುವೆ ಎಂದು ಊರಿಗೆಲ್ಲ ಗೊತ್ತಿತ್ತು. ಮದುವೆ ಫೋಟೋದ ಮಾತಿಗೆ ಬಂದಿರಬೇಕೆಂದುಕೊಂಡೆ. ಅವಳು ಟವೆಲಿನಲ್ಲಿ ಸುತ್ತಿದ್ದ ಒಂದು ಹಳೆಯ ಕಟ್ಟು ಹಾಕಿದ ಫೋಟೋ ಬಿಚ್ಚಿ ಮೇಜಿನ ಮೇಲಿಟ್ಟಳು. ಅದರೊಳಗೆ ಒಂದು ಸ್ಟೂಲು, ಹಿಂದೆ ನಮ್ಮ ಸ್ಟುಡಿಯೋದ ಹಳೆಯ ಕೊಳದ ಪರದೆ. ಅಷ್ಟೇ.

"ನಿಮ್ಮಪ್ಪಾರು ತಗದದ್ದ್ರಿ ಅಕ್ಕಾರ. ಇದರಾಗ ನಮ್ಮವ್ವ ಇದ್ಲಂತ. ನಾ ಇನ್ನೂ ತೊಟ್ಟಲದಾಗ ಇದ್ದಾಗ ತೀರಿಕೊಂಡ್ಲು," ಎಂದಳು. ಆಮೇಲೆ ತಡವರಿಸುತ್ತ, "ಹೆಂಗಾರ ಮಾಡಿ ಒಂದೀಟು ಹೊತ್ತು ಕರದು ಕುಂದರಸಾಕ ಬರ್ತೈತೇನ್ರಿ?"

ನೆಗೆಟಿವ್‌ನಲ್ಲೂ ಯಾರೂ ಉಳಿಯುವುದಿಲ್ಲ. ಊರಲ್ಲಿ ಹುಟ್ಟಿದ ಅವಳಿಗೂ ಅದು ಗೊತ್ತಿರದ ಸಂಗತಿಯಲ್ಲ. ಆದರೂ ಕೇಳಿದ್ದಳು.

"ಗಂಡನ ಮನ್ಯಾಗ ಎಲ್ಲಾರೂ ಕೇಳ್ತಾರ್ರಿ, ನೀ ಯಾರ ಹಂಗ ಅದಿ ಅಂತ. ಅಪ್ಪನ ಹಂಗಂತೂ ಇಲ್ಲ. ಅವ್ವನ ಹಂಗ ಅದೀನೋ ಇಲ್ಲೋ, ನನಗ ಹೆಂಗ ಗೊತ್ತಾಗಬೇಕು?" ಎನ್ನುತ್ತ ಆ ಸ್ಟೂಲಿನ ಮೇಲೆ, ಗಾಜಿನ ಮೇಲಿಂದಲೇ, ಬೆರಳಾಡಿಸಿದಳು.

ಆಗ ನನ್ನ ಗಮನಕ್ಕೆ ಬಂತು, ಗೋಡೆಯಾಚೆ ಸುತ್ತಿಗೆಯೂ ಇಲ್ಲ, ಮಾತೂ ಇಲ್ಲ. ಮೌನೇಶ ಬಾಗಿಲಲ್ಲಿ ಬಂದು ನಿಂತಿದ್ದ. ಮೈಯೆಲ್ಲ ಕಲ್ಲಿನ ಪುಡಿ.

"ಮದುವಿ ಮಾಘದಾಗ ಅಂದಿಯೇನವಾ? ನಿಮ್ಮವ್ವನ ನೋಡಿದವರು ಯಾರ್ಯಾರು ಅದಾರ, ಅವರನ್ನ ನನ್ನ ಹಂತ್ಯಾಕ ಕಳಸು. ನಾ ಮಾಡಿ ಕೊಡ್ತೀನಿ," ಎಂದ.

ಅವಳು ಹೋದ ಮೇಲೆ ನಾನು, "ಅಣ್ಣಾ, ಮನುಷ್ಯಾರ್ದು ಉಸಾಬರಿ ಬ್ಯಾಡ ಅಂತಿದ್ದಿ?" ಎಂದೆ. "ಆ ಹುಡುಗಿ ಸ್ಟೂಲು ಸವರೂದು ನೋಡಿದಿಲ್ಲ ನೀನು?" ಎಂದವನು ತಿರುಗಿ ಹೋಗಿ ಜೇಡಿಮಣ್ಣು ಕಲೆಸಲು ಕೂತ.

ಮೊದಲು ಬಂದವಳು ಸತ್ತವಳ ಅಕ್ಕ ಶಾಂತಕ್ಕ. ಗಂಧ ಹಚ್ಚಿ, ಹೂ ಮುಡಿದು, ತನ್ನದೇ ಫೋಟೋ ತೆಗೆಯುತ್ತಾರೆಂಬಂತೆ ತಯಾರಾಗಿ ಬಂದಿದ್ದಳು. "ನಮ್ಮ ದಾಕ್ಷಾಯಣಿ ಅಂದ್ರ ಸಾಕ್ಷಾತ್ ಲಕ್ಷ್ಮಿ! ಮೂಗು ಸಂಪಿಗಿ, ಕಣ್ಣು ಕಮಲದ ಎಸಳು, ಹಲ್ಲು ದಾಳಿಂಬ್ರಿ ಕಾಳು. ಕೂತಲ್ಲಿ ಕೂತಾಕಿ, ಒಂದು ಮಾತಾಡಿದಾಕಿ ಅಲ್ಲ." ಮೌನೇಶನ ಕೈ ಹುರುಪಿನಿಂದ ಓಡಿತು. ಸಂಪಿಗೆ, ಕಮಲ, ದಾಳಿಂಬೆ ಇವೆಲ್ಲ ಅವನ ಕೈಗೆ ಪಾಠವಾದ ಸಾಮಾನು. ಎರಡನೆಯವನು ಬಳೆಗಾರ ರಾಜೇಸಾಬ. ಅವನು ಮಣ್ಣಿನ ಮುಖವನ್ನು ಸುತ್ತು ಹಾಕಿ ನೋಡಿ ತಲೆ ಕೆರೆದುಕೊಂಡ. "ನಾ ಮುಖ ನೋಡಿದಾವ ಅಲ್ರಿ, ಮುಂಗೈ ನೋಡಿದಾವ. ಆದ್ರ ಒಂದು ಮಾತು. ಬಳಿ ಇಡುವಾಗ ಎಲ್ಲಾ ಹೆಣ್ಮಕ್ಕಳೂ 'ಅಯ್ಯವ್ವ' ಅಂತಾರ. ಆಕಿ ಬೈತಿದ್ಲು." ಶಾಂತಕ್ಕ ಅವನನ್ನು ಕೆಕ್ಕರಿಸಿ ನೋಡಿದಳು. ರಾಜೇಸಾಬ ಬಳೆಯ ಗಂಟು ಹೆಗಲಿಗೇರಿಸಿ ಹೊರಟುಹೋದ.

ಕೊನೆಗೆ ಬಂದವನು ಶಿವಪುತ್ರಪ್ಪ. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಹಿಟ್ಟು. ಒಳಗೂ ಬರದೆ ಬಾಗಿಲಲ್ಲೇ ನಿಂತು ಆ ಮುಖವನ್ನು ನೋಡಿ, "ಛಲೋ ಐತ್ರಿ," ಎಂದು, ಗಿರಣಿಗೆ ಮಂದಿ ಬಂದಾರ ಎಂದು ಹೋಗಿಬಿಟ್ಟ.

ಆಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆಂದು ನಾನು ಆ ಮಣ್ಣಿನ ಮುಖದ ಫೋಟೋ ತೆಗೆದಿಟ್ಟೆ. ವಾರ ಕಳೆಯಿತು. ಮುಖ ಫೋಟೋದಲ್ಲಿಯೇ ಇತ್ತು. ಇನ್ನಷ್ಟು ದಿನ ಕಳೆದವು. ಅಲ್ಲೇ ಇತ್ತು! ನಾನು ಫೋಟೋ ಹಿಡಿದು ಹಿತ್ತಲಿಗೆ ಓಡಿದೆ. ಮೌನೇಶ ಅದನ್ನು ನೋಡಿ ಉಳಿ ಕೆಳಗಿಟ್ಟು ಕುಣಿದಾಡಿಬಿಟ್ಟ.

"ಮಣ್ಣು ಓಡಿ ಹೋಗಂಗಿಲ್ಲ ತಂಗೆವ್ವ! ಹಂಗಾದ್ರ ಕೇಳಿಲ್ಲೆ. ಊರ ಮಂದೀನ್ನೆಲ್ಲ ನಾ ಮಣ್ಣಾಗ ಹಿಡೀತೀನಿ, ನೀ ಫೋಟೋದಾಗ ಹಿಡಿ. ಮನಿಗೊಂದು ಫೋಟೋ, ಎದ್ದು ಹೋಗಲಾರದ್ದು. ಹುಡುಗ್ರು ಕುರ್ಚಿಗೆ ಕೈ ಮುಗಿಯೂದು ಸಾಕಿನ್ನ!"

ಆ ಸಂಜೆ ನಾವು ಕಂಡ ಕನಸಿಗೆ ಲೆಕ್ಕವಿಲ್ಲ. ಅವನು ನನ್ನ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬೋರ್ಡಿನ ನಕ್ಷೆ ಬರೆದ. ಯಾರ ಹೆಸರು ಮೊದಲು ಬರಬೇಕೆಂದು ಜಗಳವಾಡಿದೆವು. ಅಪ್ಪನ ಪೆಟ್ಟಿಗೆಯ ಮಾತನ್ನೂ ಅವನಿಗೆ ಹೇಳಿದೆ. ಇನ್ನು ಮುಂದೆ ಹಾಗಾಗುವುದಿಲ್ಲ ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡೆ. "ಹುಚ್ಚಿ," ಎಂದು ಅವನು ಕಲ್ಲಿನ ಪುಡಿಯ ಕೈಯನ್ನು ನನ್ನ ತಲೆಯ ಮೇಲಿಟ್ಟ. ಮನೆಗೆ ಹೋಗಿ ಎರಡು ಸಲ ತಲೆ ತೊಳೆಯಬೇಕಾಯಿತು.

ಆದರೆ ಮಹಾನಂದಾ ಬಂದು ನೋಡಿದಾಗ ಅವಳ ಮುಖ ಅರಳಲಿಲ್ಲ. "ಛಂದ ಅದಾಳ್ರಿ. ಗುಡಿಯಾಗ ಕೈ ಮುಗಿಯೂವಂಗ ಅದಾಳ," ಎಂದಳು. ಆಮೇಲೆ ಮೆಲ್ಲಗೆ, "ಅತ್ತರ ಓಡಿ ಬಂದು ಎತ್ತಿಕೊಳ್ಳೂವಂಗ ಮಾತ್ರ ಕಾಣಂಗಿಲ್ಲ."

ಅವಳು ಹೊಸ್ತಿಲು ದಾಟುವ ತನಕ ಮೌನೇಶ ಕಾದ. ಆಮೇಲೆ ಆ ಸಂಪಿಗೆ ಮೂಗಿನ ಮುಖವನ್ನು ಎರಡೂ ಕೈಯಿಂದ ಹಿಚುಕಿ ಮುದ್ದೆ ಮಾಡಿದ.

ಮತ್ತೊಂದು ಮಾಡಿದ. ಅದಕ್ಕೂ ದೇವಿಯ ಕಳೆ. ಇನ್ನೊಂದು ಮಾಡಿದ. ಅದು ಶಾಂತಕ್ಕನ ಹಾಗೆ ಬಂತು; ಶಾಂತಕ್ಕನಿಗೆ ಮಾತ್ರ ಬಹಳ ಹಿಡಿಸಿತು. ಒಂದೊಂದರ ಫೋಟೋವನ್ನೂ ತೆಗೆದು ಸ್ಟುಡಿಯೋದಲ್ಲಿ ದಾರಕ್ಕೆ ಸಿಕ್ಕಿಸುತ್ತ ಹೋದೆ. ಸಾಲಾಗಿ ದಾಕ್ಷಾಯಣಿಯರು, ಯಾರೂ ಏಳದೆ, ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಕೂತಿದ್ದರು. ಮೌನೇಶನ ಮಾತು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಗೋಡೆಯಾಚೆಯಿಂದ ಚೇಷ್ಟೆ ಕೇಳದೆ ನನ್ನ ಗಿರಾಕಿಗಳು ಮತ್ತೆ ಬಿಗಿದುಕೊಂಡು ಕೂರತೊಡಗಿದರು. "ನನ್ನ ಕೈಗೆ ದೇವರು ಮೆತ್ತಿಕೊಂಡು ಬಿಟ್ಟಾನ ತಂಗೆವ್ವ, ಬಿಡವಲ್ಲ," ಎಂದ ಒಂದು ದಿನ. ಪುಷ್ಯ ಮಾಸ ಬಂದಿತ್ತು. ಕಲ್ಲಿನ ಕೆಲಸಕ್ಕೂ ದಿನ ಬೇಕು. ಆ ಹುಡುಗಿಗೆ ಆಗುವುದಿಲ್ಲ ಎಂದು ಹೇಳಿಬಿಡೋಣವೇ ಎಂಬ ಮಾತು ಇಬ್ಬರ ಬಾಯಿ ತುದಿಗೂ ಬಂದಿತ್ತು.

ಹಾಗಿರುವಾಗ ಒಂದು ಇಳಿಹೊತ್ತು ಶಿವಪುತ್ರಪ್ಪ ತಾನಾಗಿಯೇ ಬಂದ. ಗಿರಣಿ ಬಂದ್ ಮಾಡಿ ಬಂದಿದ್ದ. ಅದೇ ದೊಡ್ಡ ಆಶ್ಚರ್ಯ. ಹಿತ್ತಲಿನ ಕಲ್ಲಿನ ಮೇಲೆ ಕೂತು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಹಿಟ್ಟು ಹೋಗಲಿಲ್ಲ, ಇನ್ನಷ್ಟು ಹರಡಿತು.

"ನಿಮ್ಮ ತಪ್ಪಲ್ರಿ," ಎಂದ. "ಹೋದಾಕೀನ ಎಲ್ಲಾರೂ ಕೂಡಿ ದೇವರ ಮಾಡ್ಯಾರ. ಮಗಳ ಮುಂದೂ ಹಂಗ ಹೇಳಿ ಬೆಳಿಸ್ಯಾರ. ನಡುವ ನಾ ಹೆಂಗ ಬಾಯಿ ಹಾಕ್ಲಿ? ಅವ್ವನ ಬಗ್ಗೆ ಅಪ್ಪ ಹಗರ ಮಾತಾಡಿದ ಅಂತ ಆಗಬಾರದಲ್ರಿ."

"ನಮ್ಮ ಮುಂದ ಹೇಳ್ರಿ. ಮಣ್ಣಿಗೆ ಹೇಳಿದ್ರ ಯಾರಿಗೂ ಹೇಳಿದಂಗಾಗಂಗಿಲ್ಲ," ಎಂದ ಮೌನೇಶ.

ಶಿವಪುತ್ರಪ್ಪ ತಲೆ ತಗ್ಗಿಸಿ ನಕ್ಕ. "ಸಂಪಿಗಿ ಎಲ್ಲಿದ್ರಿ! ಮೂಗು ಸ್ವಲ್ಪ ಗುಂಡು. ಮುಂದಿನ ಹಲ್ಲು ಒಂದರ ಮ್ಯಾಲೊಂದು ಏರಿದ್ವು. ಅದಕ್ಕ ನಗೂವಾಗ ಸೆರಗು ಬಾಯಿಗೆ ಹಿಡಕೊಳ್ತಿದ್ಲು. ಬೈಯೂವಾಗ ಮಾತ್ರ ಸೆರಗು ಮರತು ಬಿಡ್ತಿದ್ಲು. ಆ ಹಲ್ಲು ನೋಡೂ ಸಲುವಾಗಿ ನಾ ದಿನಾ ಏನಾರ ಒಂದು ತಪ್ಪು ಮಾಡಿ ಬೈಸಿಕೊಳ್ತಿದ್ದೆ."

ಅವನು ಈಗ ನಮ್ಮ ಕಡೆ ನೋಡುತ್ತಿರಲಿಲ್ಲ.

"ಎಡಗಡೆ ಹುಬ್ಬು ಸಿಟ್ಟು ಬಂದಾಗ ಮ್ಯಾಲ ಹೋಗತಿತ್ತು. ಒಂದು ಕಡೆ ಕುಂತಾಕಿ ಅಲ್ಲ. ಶಶಿಬಾಯಾರ, ನಿಮ್ಮಪ್ಪಾರು ಫೋಟೋ ತಗದು ಒಣಗಾಕ ಹಾಕಿದ್ರು. ಅದು ಒಣಗೂದ್ರಾಗ ಎದ್ದು ಹೋಗಿದ್ಲು! ನಾ ಕೇಳಿದ್ದಕ್ಕ, 'ಮನ್ಯಾಗ ಕೆಲಸ ಬಿಟ್ಟು ನಿಮ್ಮ ಕೊಳದ ದಂಡೀಗೆ ಕುಂದ್ರಾಕ ನನಗೇನು ಬುದ್ಧಿ ಇಲ್ಲೇನು' ಅಂತ ಮತ್ತ ಅದಕ್ಕೊಂದು ಬೈದ್ಲು."

"ಏನಂತ ಬೈತಿದ್ರು?" ಎಂದು ಕೇಳಿದ ಮೌನೇಶ. ಅವನ ಕೈ ಆಗಲೇ ಮಣ್ಣಿನ ಮೇಲಿತ್ತು.

ಶಿವಪುತ್ರಪ್ಪ ನಾಚಿದ. "ಹಿಟ್ಟಿನ ಮಾರಿ ಅಂತಿದ್ಲು. ಮುಖದ ತುಂಬ ಹಿಟ್ಟು ಇರ್ತಿತ್ತಲ್ರಿ."

ಮೌನೇಶ ಆ ಮಾತನ್ನು ಬಾಯಲ್ಲೇ ಆಡಿಸಿ ನೋಡಿದ. ತನ್ನ ತುಟಿ ತನಗೆ ಕಾಣದೆ ನನ್ನ ಕಡೆ ತಿರುಗಿದ. "ತಂಗೆವ್ವ, ನೀ ಅನ್ನು. ಜೋರ್ಲೆ ಅನ್ನು. ಇವರನ್ನ ನೋಡಿಕೋತ ಅನ್ನು."

"ಅಣ್ಣಾ! ಹಿರ್ಯಾರಿಗೆ ಹೆಂಗ ಅನ್ಲಿ?"

"ಅನ್ರಿ, ಅನ್ರಿ," ಎಂದ ಶಿವಪುತ್ರಪ್ಪ ಆಸೆಯಿಂದ. "ಎಷ್ಟ್ ವರ್ಷ ಆತು ಅನಿಸಿಕೊಂಡು."

ನಾನು ಸೊಂಟದ ಮೇಲೆ ಕೈ ಇಟ್ಟು, "ಹಿಟ್ಟಿನ ಮಾರಿ!" ಎಂದೆ. ಸಪ್ಪೆಯಾಯಿತು, ಮತ್ತೊಮ್ಮೆ ಎಂದ ಮೌನೇಶ. ಮತ್ತೊಮ್ಮೆ ಎಂದೆ. ಹುಬ್ಬು ಏರಿಸಿ ಎಂದೆ. ಗಟ್ಟಿಯಾಗಿ ಎಂದೆ. ರಸ್ತೆಯಲ್ಲಿ ಹೋಗುವವರು ನಿಂತು ಇಣುಕಿದರು. ಮೂವರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಶಿವಪುತ್ರಪ್ಪನ ಕಣ್ಣಿಂದ ನೀರು ಇಳಿದು ಹಿಟ್ಟಿನ ಮೇಲೆ ಎರಡು ಗೆರೆ ಮೂಡಿದವು. ಮೌನೇಶನ ಕೈ ಮಾತ್ರ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಶಿವಪುತ್ರಪ್ಪನೇ ಎದ್ದು ಹೋಗಿ, ಹಿಟ್ಟು ನುಣ್ಣಗಾಯಿತೇ ಎಂದು ನೋಡುವ ಹೆಬ್ಬೆರಳಿನಿಂದ ಮಣ್ಣಿನ ಮೂಗಿನ ತುದಿಯನ್ನು ಒಂದಿಷ್ಟೇ ಒತ್ತಿದ. ಒತ್ತಿ, ಕೈ ಹಿಂದಕ್ಕೆ ತೆಗೆದುಕೊಂಡ.

ಬೆಳಕು ಹೋಗುವ ಮುಂಚೆ ನಾನು ಕ್ಯಾಮೆರಾ ತಂದು ಫೋಟೋ ತೆಗೆದೆ. ಕತ್ತಲ ಕೋಣೆಗೆ ಹೋಗಿ ತೊಳೆದೆ. ಕೆಂಪು ದೀಪದಲ್ಲಿ ಆ ಮುಖ ನೀರಿನೊಳಗಿಂದ ಮೇಲೆ ಬಂತು: ಏರಿದ ಹುಬ್ಬು, ಗುಂಡು ಮೂಗು, ಬೈಯಲು ತೆರೆದ ಬಾಯಿ. ಕ್ಲಿಪ್ಪು ಹಾಕಿ ಒಣಗಲು ಬಿಟ್ಟು, ತಟ್ಟೆ ತೊಳೆದಿಟ್ಟು ತಿರುಗಿ ನೋಡುತ್ತೇನೆ, ಫೋಟೋದಲ್ಲಿ ಮಣೆ ಇದೆ, ಒದ್ದೆ ಬಟ್ಟೆ ಇದೆ. ಮುಖವಿಲ್ಲ.

ಮಣ್ಣೂ ಎದ್ದು ಹೋಗುತ್ತದೆ ಎಂದ ಮೇಲೆ ಇನ್ನೇನು ಉಳಿಯಿತು? ಗೋಡೆಯ ಮೇಲಿನ ಬೋರ್ಡು, ಮನೆಗೊಂದು ಫೋಟೋ, ಎಲ್ಲ ಮುಗಿಯಿತು. ನೀರು ತೊಟ್ಟಿಕ್ಕುವ ಕಾಗದವನ್ನು ಹಿಡಿದುಕೊಂಡು ಹಿತ್ತಲಿಗೆ ಹೋದೆ. ಇಬ್ಬರೂ ಚಹಾ ಕುಡಿಯುತ್ತ ಕೂತಿದ್ದರು. ಮೌನೇಶ ಅದನ್ನು ನೋಡಿ ಬಟ್ಟಲು ಕೆಳಗಿಟ್ಟ. ಅವನ ಹೆಗಲು ಇಳಿದದ್ದನ್ನು ಕಂಡೆ.

ಶಿವಪುತ್ರಪ್ಪ ಕೈ ಚಾಚಿ ಫೋಟೋ ಇಸಿದುಕೊಂಡ. ಹತ್ತಿರ ಹಿಡಿದ, ದೂರ ಹಿಡಿದ. ನೋಡುತ್ತ ನೋಡುತ್ತ ಅವನ ಹೊಟ್ಟೆ ಕುಲುಕತೊಡಗಿತು. ಆಮೇಲೆ ಬಾಯಿ ಬಿಟ್ಟು ನಗತೊಡಗಿದ.

"ಆಕೀನ ರೀ! ಆಕೀನ! ಇವತ್ತೂ ಒಣಗೂತನಾ ಕುಂತಿಲ್ಲ ನೋಡ್ರಿ!"

ನಮಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಮೌನೇಶ ಎದ್ದು ಸ್ಟುಡಿಯೋದೊಳಗೆ ಓಡಿದ. ನಾನೂ ಹಿಂದೆ ಓಡಿದೆ. ದಾರದ ಮೇಲೆ ಹಳೆಯ ದಾಕ್ಷಾಯಣಿಯರೆಲ್ಲ ಕೂತಲ್ಲೇ ಕೂತಿದ್ದರು. ಸಂಪಿಗೆ ಮೂಗಿನವಳು, ದೇವಿಯ ಕಳೆಯವಳು, ಶಾಂತಕ್ಕನಂಥವಳು. ಒಬ್ಬಳೂ ಅಲುಗಿರಲಿಲ್ಲ. ಯಾಕೆಂದರೆ ಅವರು ಯಾರೂ ಅಲ್ಲವಲ್ಲ! ಅವರಿಗೆ ಎದ್ದು ಹೋಗಲು ಮನೆಯಿಲ್ಲ, ಕೆಲಸವಿಲ್ಲ. ಮೌನೇಶ ನನ್ನೆರಡೂ ಕೈ ಹಿಡಿದುಕೊಂಡು, "ಎದ್ದು ಹೋದ್ಲು ತಂಗೆವ್ವ! ಎದ್ದು ಹೋದ್ಲು!" ಎಂದು, ಹಬ್ಬದ ಸುದ್ದಿ ಹೇಳುವವನ ಹಾಗೆ ಕೂಗಿದ.

ಮನೆಗೆ ಹೋಗಿ ಅಪ್ಪನ ಪೆಟ್ಟಿಗೆ ತೆಗೆದೆ. ಅದೇ ಕುರ್ಚಿಗಳು. ಒಂದೊಂದನ್ನೂ ಎತ್ತಿ ನೋಡಿದೆ. ಎದ್ದು ಹೋಗದ ಒಂದೂ ಮುಖ ಅದರಲ್ಲಿರಲಿಲ್ಲ. ಜೀವಮಾನದಲ್ಲಿ ನನ್ನಪ್ಪ ಒಂದೇ ಒಂದು ಸುಳ್ಳು ಫೋಟೋವನ್ನೂ ತೆಗೆದಿರಲಿಲ್ಲ. ಅಂದು ಅನ್ನದ ಜೊತೆ ಎರಡು ಹಪ್ಪಳ ಹೆಚ್ಚಿಗೆ ಕರಿದುಕೊಂಡು ತಿಂದೆ.

ಮರುದಿನ ಮಹಾನಂದಾ ಅಪ್ಪನ ಜೊತೆ ಬಂದಳು. ಮಣ್ಣಿನ ಮುಖದ ಮೇಲಿನ ಒದ್ದೆ ಬಟ್ಟೆಯನ್ನು ಮೌನೇಶ ತೆಗೆದ. ಅವಳು ಮೊದಲು ಹುಬ್ಬನ್ನು ನೋಡಿದಳು, ಮೂಗನ್ನು ನೋಡಿದಳು. ಬಾಯಿಯ ಬಳಿ ಬಂದು ನಿಂತಳು. ತನ್ನ ಏರಿದ ಹಲ್ಲನ್ನು ಅವಳು ಯಾವಾಗಲೂ ತುಟಿ ಬಿಗಿದು ಮುಚ್ಚಿಕೊಳ್ಳುತ್ತಿದ್ದಳು. ನನ್ನ ಮುಂದೆ ಕೂತಾಗಲೂ ಹಲ್ಲು ಕಾಣದ ಹಾಗೆ ತೆಗೆಯಿರಿ ಎನ್ನುತ್ತಿದ್ದಳು. ಈಗ ನಾಲಿಗೆಯಿಂದ ಆ ಹಲ್ಲನ್ನು ಮುಟ್ಟಿ ನೋಡಿಕೊಂಡಳು.

"ಇದು ಇಲ್ಲಿಂದ ಬಂದದ್ದೇನು!" ಎಂದಳು. ಬಾಯಿ ತುಂಬ ನಗುತ್ತಿದ್ದಳು, ಮುಚ್ಚಿಕೊಳ್ಳಲಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿ, "ಇಷ್ಟು ದಿನ ಯಾಕ ಹೇಳಲಿಲ್ಲಪ್ಪಾ?" ಎಂದಾಗ ಅವಳ ಎಡಗಡೆಯ ಹುಬ್ಬು ಮೇಲೆ ಹೋಯಿತು. ಶಿವಪುತ್ರಪ್ಪ ಅದನ್ನೇ ನೋಡುತ್ತ, ಬೈಸಿಕೊಳ್ಳುತ್ತ, ಸುಖವಾಗಿ ನಿಂತಿದ್ದ.

ಆಮೇಲೆ ಮೌನೇಶ ಗುಡ್ಡದ ಕಲ್ಲಿಗೆ ಕೈ ಹಾಕಿದ. ಎಳೆ ಕುಂಬಳಕಾಯಿಯ ಗಾತ್ರದ ಕಲ್ಲು. ಹುಡುಗಿ ಎತ್ತಿಕೊಂಡು ಹೋಗುವಂತಿರಬೇಕು ಎಂದು ಆರಿಸಿದ್ದ. ಕೆತ್ತುವಾಗ ನಡುನಡುವೆ ನನ್ನನ್ನು ಕೂಗುತ್ತಿದ್ದ. ನಾನು ಫೋಟೋ ತೆಗೆಯುತ್ತಿದ್ದೆ. ಮುಖ ಫೋಟೋದಲ್ಲೇ ಕೂತಿದ್ದರೆ, "ಇನ್ನೂ ಬಂದಿಲ್ಲಣ್ಣಾ," ಎನ್ನುತ್ತಿದ್ದೆ. ಅವನು ಗೊಣಗುತ್ತ ಮತ್ತೆ ಉಳಿ ಹಿಡಿಯುತ್ತಿದ್ದ. ಕೊನೆಗೊಂದು ದಿನ ಅವಳು ಆ ಫೋಟೋದಿಂದಲೂ, ಅದು ಒಣಗುವ ಮುನ್ನವೇ, ಎದ್ದು ಹೋದಳು. ಹಿತ್ತಲಿನಲ್ಲಿದ್ದ ಕಲ್ಲು ಮಾತ್ರ ಮುಖದ ಸಮೇತ ತನ್ನ ಜಾಗದಲ್ಲೇ ಉಳಿಯಿತು. ಸುದ್ದಿ ಊರೆಲ್ಲ ಹರಡಿ ಮಂದಿ ಬರತೊಡಗಿದರು. ತೀರಿದವರನ್ನು ನೆನೆದುಕೊಂಡು ಬಂದವರು ಕೆಲವರಾದರೆ, ನಾವಿರುವಾಗಲೇ ಆಗಿಹೋಗಲಿ ಎಂದು ಬಂದವರೇ ಹೆಚ್ಚು. ನಾವಿಬ್ಬರೂ ಹೆಸರಿನ ಜಗಳ ಬಗೆಹರಿಯದೆ ಯಾರ ಹೆಸರೂ ಇಲ್ಲದ ಬೋರ್ಡು ಹಾಕಿದೆವು: "ಇಲ್ಲಿ ಮುಖ ಮಾಡಿಕೊಡಲಾಗುವುದು. ಫೋಟೋದಿಂದ ಎದ್ದು ಹೋದ ಮೇಲೆಯೇ ಒಪ್ಪಿಸಲಾಗುವುದು." ಗೋಡೆಯಾಚೆಯ ಮಾತು ಮತ್ತೆ ಶುರುವಾಯಿತು, ನನ್ನ ಗಿರಾಕಿಗಳು ಮತ್ತೆ ನಗತೊಡಗಿದರು. ಅವನು ನನ್ನ ಕಣ್ಣಿನಿಂದ ನೋಡಲು ಕಲಿತ, ನಾನು ಅವನ ಬೆರಳಿನಿಂದ. ಈಗ ಯಾರಾದರೂ ಬಂದು ಕೂತರೆ ಅವರ ಮುಖದಲ್ಲಿ ಸೊಟ್ಟಗಿರುವುದು ಯಾವುದೆಂದು ಇಬ್ಬರೂ ಪ್ರೀತಿಯಿಂದ ಹುಡುಕುತ್ತೇವೆ.

ಮಾಘದಲ್ಲಿ ಮದುವೆ ನಡೆಯಿತು. ದಾಕ್ಷಾಯಣಿಯನ್ನು ಹಂದರದಲ್ಲಿ, ಹೆಣ್ಣಿನವರ ಕಡೆಯ ಮೊದಲ ಕುರ್ಚಿಯ ಮೇಲೆ, ಹಸಿರು ಸೀರೆಯ ತುಂಡು ಹೊದಿಸಿ ಕೂರಿಸಿದ್ದರು. ಶಾಂತಕ್ಕ ಮೊದಲು ಮುಖ ತಿರುಗಿಸಿಕೊಂಡಿದ್ದಳು. ಊಟದ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂತು, "ಇದು ಹಿಂಗ ನೋಡ್ತಿತ್ತು ನನ್ನ, ಸಣ್ಣಾಕಿ ಇದ್ದಾಗ," ಎಂದು ಅತ್ತು, ಕಣ್ಣೊರೆಸಿಕೊಂಡು, ಸಾರಿಗೆ ಉಪ್ಪು ಸಾಲದು ಎಂದು ಅದಕ್ಕೇ ದೂರು ಹೇಳಿದಳು.

ಹೆಣ್ಣು ಕಳಿಸುವ ಮುನ್ನಾ ದಿನ ಮೌನೇಶ ಶಿವಪುತ್ರಪ್ಪನನ್ನು ಕೇಳಿದ. "ಮಗಳು ಮೂರ್ತಿ ಒಯ್ತಾಳ. ನಿಮಗೊಂದು ಬ್ಯಾರೆ ಮಾಡಿ ಕೊಡ್ಲೇನ್ರಿ? ಈಗ ಕೈಗೆ ಕೂತೈತಿ."

"ಬ್ಯಾಡ್ರಿ," ಎಂದ ಶಿವಪುತ್ರಪ್ಪ. "ನನಗ ಆಕಿ ನೆನಪದಾಳ. ಈಕೀಗೆ ನೆನಪಿಲ್ಲ, ಮ್ಯಾಲ ಹೊಸಾ ಊರು. ಅವ್ವ ಜೋಡಿ ಹೋಗ್ಲಿ."

ಮುಂಜಾನೆಯ ಬಸ್ಸಿಗೆ ನಾವೆಲ್ಲ ಕಳಿಸಲು ಹೋದೆವು. ಬಸ್ಸು ತುಂಬಿತ್ತು, ಕಿಟಕಿಯ ಬಳಿ ಇಬ್ಬರು ಕೂರುವ ಒಂದು ಸೀಟು ಮಾತ್ರ ಸಿಕ್ಕಿತು. ಮಹಾನಂದಾ ಮೂರ್ತಿಯನ್ನು ಕಿಟಕಿಯ ಪಕ್ಕ ಇಟ್ಟು, ಬೀಳದಂತೆ ತನ್ನ ಶಾಲು ಸುತ್ತಿ, ತಾನು ಅದರ ಬದಿಗೆ ಕೂತಳು. ಹೊಸ ಮದುಮಗ ಬಾಸಿಂಗದ ದಾರದ ಗುರುತು ಇನ್ನೂ ಹಣೆಯ ಮೇಲಿದ್ದ ಹಾಗೆಯೇ ನಡುವಿನ ಕಂಬ ಹಿಡಿದು ನಿಂತ. ಕಂಡಕ್ಟರ್ ಬಂದು ಕಲ್ಲನ್ನು ನೋಡಿದ. ಅವನು ನಮ್ಮೂರಿನವನಲ್ಲ.

"ಇದನ್ನ ಕೆಳಗ ಇಡ್ರಿವಾ. ಲಗೇಜ್ ಸೀಟಿನ ಮ್ಯಾಲ ಇಡಂಗಿಲ್ಲ."

"ಲಗೇಜ್ ಅಲ್ರಿ. ನಮ್ಮವ್ವ," ಎಂದಳು ಮಹಾನಂದಾ. ಹುಬ್ಬು ಏರಿತ್ತು.

ಕಂಡಕ್ಟರ್ ಅವಳ ಮುಖ ನೋಡಿದ. ಕಲ್ಲಿನ ಮುಖ ನೋಡಿದ. ಮತ್ತೆ ಅವಳ ಮುಖ ನೋಡಿದ. ಎರಡು ಕಡೆಯಿಂದಲೂ ಬೈಗುಳ ಬರುವ ಲಕ್ಷಣ ಕಂಡಿರಬೇಕು. ಕಿವಿಯ ಮೇಲಿನ ಪೆನ್ನು ತೆಗೆದುಕೊಂಡು, "ಹಂಗಾದ್ರ ಟಿಕೆಟ್ ಎಷ್ಟ್ರಿ?" ಎಂದ.

ಕಿಟಕಿಯ ಹೊರಗೆ ನಿಂತಿದ್ದ ಶಿವಪುತ್ರಪ್ಪ ಹಿಟ್ಟು ಮೆತ್ತಿದ ಕೈಯನ್ನು ಸರಳಿನೊಳಗೆ ತೂರಿಸಿ, ದೊಡ್ಡ ದನಿಯಲ್ಲಿ, ಬಸ್ಸಿನವರಿಗೆಲ್ಲ ಕೇಳುವಂತೆ ಹೇಳಿದ: "ಮೂರು ಫುಲ್ ಕೊಡ್ರಿ!"

ಕಂಡಕ್ಟರ್ ಮೂರು ಟಿಕೆಟು ಹರಿದು ಕೊಟ್ಟು ಸೀಟಿ ಊದಿದ. ಬಸ್ಸು ಹೊರಟಿತು. ತಾಯಿ ಕಿಟಕಿಯ ಪಕ್ಕ, ಮಗಳು ಅವಳ ಪಕ್ಕ, ಅಳಿಯ ಮಾತ್ರ ನಿಂತುಕೊಂಡೇ ಹೋದ.